ತೋಟದ ತೋಡಿನಿಂದ ಕರೆಂಟ್: ಮೊದಲು ಅಳೆದು ನೋಡಿ

ಹೆಬ್ರಿ ಕಡೆ ತೋಟದ ಹಿಂದಿನ ತೋಡಿಗೆ ಟರ್ಬೈನ್ ಇಟ್ಟರೆ ಮನೆಗೆ ಸಾಕಾಗುವಷ್ಟು ಕರೆಂಟ್ ಸಿಗ್ತದಾ ಅಂತ ಕೇಳಿದ್ದೀರಿ. ಸಿಗಬಹುದು, ಆದರೆ ನೀರು ಜೋರಾಗಿ ಹರಿಯುವುದನ್ನು ಕಂಡು ಮರುಳಾಗಬೇಡಿ. ನೀರಿನಷ್ಟೇ ಮುಖ್ಯ ಅದು ಬೀಳುವ ಎತ್ತರ.

ಎತ್ತರ ಅಳೆಯಲು ಮೇಸ್ತ್ರಿಗಳ ನೀರು ತುಂಬಿದ ಲೆವೆಲ್ ಪೈಪ್ ಸಾಕು, ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಾ ಇಳಿಯಿರಿ. ನೀರಿಗೆ, ಸಣ್ಣ ಕಟ್ಟ ಹಾಕಿ ಪೈಪಿನಲ್ಲಿ 200 ಲೀಟರ್ ಡ್ರಮ್ಮಿಗೆ ಬಿಡಿ. 20 ಸೆಕೆಂಡಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ಎತ್ತರ 20 ಮೀಟರ್ ಇದ್ದರೆ 10 × 20 × 9.81 (ಇದು ಭೂಮಿಯ ಗುರುತ್ವದ ಲೆಕ್ಕ), ಅಂದರೆ ಸುಮಾರು 1960 ವ್ಯಾಟ್. ಸಣ್ಣ ಯಂತ್ರದಲ್ಲಿ ಅದರ ಅರ್ಧ ಕೈಗೆ ಬಂದರೆ ಪುಣ್ಯ. ಆದರೂ 1 ಕಿಲೋವ್ಯಾಟ್ ರಾತ್ರಿ ಹಗಲು ಓಡಿದರೆ ದಿನಕ್ಕೆ 24 ಯುನಿಟ್ ಮಾರಾಯ್ರೆ! ಲೈಟು, ಫ್ಯಾನು, ಫ್ರಿಜ್ಜಿಗೆ ಧಾರಾಳ. ಪಂಪ್‌ಸೆಟ್ ಆಸೆ ಬಿಡಿ, ಸ್ಟಾರ್ಟ್ ಆಗುವಾಗ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಮೇಲಿನಿಂದ ಟರ್ಬೈನಿಗೆ ನೀರು ಇಳಿಸುವ ಪೈಪಿನಲ್ಲಿ ಜಿಪುಣತನ ಬೇಡ. ಇಷ್ಟು ನೀರಿಗೆ 2 ಇಂಚಿನದ್ದು ಹಾಕಿದರೆ ಒತ್ತಡವೆಲ್ಲ ಘರ್ಷಣೆಗೇ ಹೋಗ್ತದೆ. 4 ಇಂಚು ಬೇಕು. ಪೈಪಿನ ಮೇಲಿನ ಬಾಯಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಸೊಪ್ಪು, ಕಸ ಬಂದು ಟರ್ಬೈನಿಗೆ ನೀರು ಚಿಮ್ಮಿಸುವ ಸಣ್ಣ ಬಾಯಿ, ಅಂದರೆ ನಾಝಲ್, ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಬಳಕೆ ಕಡಿಮೆಯಾದಾಗ ಯಂತ್ರ ವಿಪರೀತ ವೇಗವಾಗಿ ತಿರುಗದಂತೆ ಕಂಟ್ರೋಲರ್ ಬೇಕು. ಹೆಚ್ಚಾದ ಕರೆಂಟನ್ನು ಅದು ಹೀಟರಿಗೆ ಕಳಿಸುತ್ತದೆ, ಬಚ್ಚಲಿಗೆ ಬಿಸಿನೀರು ಪುಕ್ಕಟೆ.

ನಮ್ಮದೇ ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿ ವಾರಾಹಿ ನದಿಯ 460 ಮೆಗಾವ್ಯಾಟಿನ ಭೂಗತ ವಿದ್ಯುದಾಗಾರವೂ ಇದೇ ಲೆಕ್ಕದ ಮೇಲೆ ನಿಂತದ್ದು. ಆದರೆ ಅದಕ್ಕೆ ಘಟ್ಟದ ಮೇಲೆ ಮಾಣಿ ಜಲಾಶಯ ಉಂಟು, ನಿಮ್ಮ ತೋಡಿಗೆ ಇಲ್ಲ. ಹಾಗಾಗಿ ಜುಲೈಯ ಅಳತೆ ನಂಬಬೇಡಿ. ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಡ್ರಮ್ ಇಟ್ಟು ನೋಡಿ, ಆಮೇಲೆ ಯಂತ್ರದ ರೇಟ್ ಕೇಳಿ.