ಸಾಂದರ್ಭಿಕ ಚಿತ್ರವಲ್ಲ, ಸ್ವಾಮಿ

ಪ್ರಶ್ನೆ: 1930ರ ದಶಕದ ಅಮೆರಿಕದ ಆರ್ಥಿಕ ಕುಸಿತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ, ಮಕ್ಕಳು ಮೇಜಿನ ಸುತ್ತ ನಿಂತು ಉಣ್ಣುವ ಸಪ್ಪೆ ಚಿತ್ರ ಹಾಕಿದ್ದೀರಿ. ಜಗತ್ತೇ ಬಲ್ಲ ಆ ವಲಸೆ ತಾಯಿಯ ಚಿತ್ರವನ್ನು ಏಕೆ ಬಿಟ್ಟಿರಿ? ಚಿತ್ರ ತಾನೇ ಮಾತನಾಡಬೇಕು. ಕೆಳಗೆ ಮೂರು ಸಾಲಿನ ಅಡಿಬರಹ ಯಾರಿಗೆ ಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ, ಚಿತ್ರವನ್ನು ಇಷ್ಟು ಹೊತ್ತು ನೋಡಿ ಬೈಯುವ ಓದುಗರು ಇನ್ನೂ ಇದ್ದಾರಲ್ಲ ಎಂದು ಖುಷಿಯಾಯಿತು.

ತಾಯಿಯ ಚಿತ್ರ ದೊಡ್ಡದು, ಒಪ್ಪಿದೆ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಬೆಳೆ ಚಳಿಗೆ ಸುಟ್ಟುಹೋಗಿ ಕೂಲಿ ಇಲ್ಲದೆ ಕುಳಿತವರ ಬಿಡಾರದಲ್ಲಿ ಡೊರೊತಿಯಾ ಲ್ಯಾಂಗ್ ತೆಗೆದದ್ದು. ಬಿಡಾರದ ಫಲಕ ಕಂಡರೂ ನಿಲ್ಲಿಸದೆ ಇಪ್ಪತ್ತು ಮೈಲಿ ಮುಂದೆ ಹೋದವರು, ಮನಸ್ಸು ತಡೆಯದೆ ಕಾರು ತಿರುಗಿಸಿದರಂತೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆಕೆಗೆ ಮೂವತ್ತೆರಡು ವರ್ಷ ಎಂದು ಬರೆದುಕೊಂಡರು, ಹೆಸರು ಕೇಳಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ಒಂದು ಕಾಸೂ ತನಗೆ ಬಂದಿಲ್ಲವೆಂದು ಆಕೆಗೆ ಬೇಸರವಿತ್ತು. ಚಿತ್ರ ತಾನೇ ಮಾತನಾಡಬೇಕು ಎನ್ನುತ್ತೀರಿ. ನಲವತ್ತೆರಡು ವರ್ಷ ಮಾತನಾಡಿತಲ್ಲ, ಆಕೆಯ ಹೆಸರೊಂದನ್ನು ಬಿಟ್ಟು.

ಈಗ ನಿಮ್ಮ 'ಸಪ್ಪೆ ಚಿತ್ರ'. 1936ರ ಡಿಸೆಂಬರ್, ಅಯೋವಾದ ಸ್ಮಿತ್‌ಲ್ಯಾಂಡ್ ಬಳಿಯ ಒಂದು ಮನೆ. ತೆಗೆದವರು ರಸೆಲ್ ಲೀ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್, ಕೊನೆಗೆ ಫ್ಲ್ಯಾಶ್ ಬಲ್ಬು ಹಿಡಿದು ಕಂಡವರ ಅಡುಗೆಮನೆ ಹೊಕ್ಕ ಆಸಾಮಿ. ಮಕ್ಕಳು ಕುಳಿತಿಲ್ಲ, ನಿಂತೇ ಉಣ್ಣುತ್ತಿದ್ದಾರೆ. ಇದು ಕ್ರಿಸ್‌ಮಸ್ ಊಟ, ಆಲೂಗೆಡ್ಡೆ, ಎಲೆಕೋಸು ಮತ್ತು ಪೈ ಎಂದು ಮೂಲ ಅಡಿಬರಹ ಹೇಳುತ್ತದೆ. ಆ ಸಾಲನ್ನು ಬೆರಳಿನಿಂದ ಮುಚ್ಚಿ ನೋಡಿ, ಯಾವುದೋ ಬಡವರ ಮನೆಯ ಯಾವುದೋ ಹೊತ್ತಿನ ಊಟ. ಬೆರಳು ತೆಗೆಯಿರಿ, ಹಬ್ಬ. ಹೋಳಿಗೆಯಿಲ್ಲದ ಯುಗಾದಿಯನ್ನು ಕಂಡ ಮನೆಯವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಇವರನ್ನೆಲ್ಲ ಊರೂರಿಗೆ ಅಟ್ಟಿದವರು ರಾಯ್ ಸ್ಟ್ರೈಕರ್. ಅರ್ಥಶಾಸ್ತ್ರದ ಮೇಷ್ಟ್ರು, ಛಾಯಾಗ್ರಾಹಕರಲ್ಲ. 1935ರಿಂದ ಸರ್ಕಾರಿ ಕಚೇರಿಯಲ್ಲಿ ಕುಳಿತು ಪಟ್ಟಿ ಬರೆದು ಕಳುಹಿಸುತ್ತಿದ್ದರು: ಸಂಜೆ ಮನೆಯಲ್ಲಿ ಜನ ಏನು ಮಾಡುತ್ತಾರೆ, ಗೋಡೆಗೆ ಏನು ತೂಗುಹಾಕಿದ್ದಾರೆ, ನೋಡಿ ಬನ್ನಿ. ಸಂತರೇನಲ್ಲ, ಹಿಡಿಸದ ನೆಗೆಟಿವ್‌ಗಳಿಗೆ ತೂತು ಹೊಡೆಸಿಬಿಡುತ್ತಿದ್ದರು. ರೂಸ್‌ವೆಲ್ಟ್ ಸರ್ಕಾರದ ಪ್ರಚಾರವೂ ಅದರಲ್ಲಿತ್ತು. ಇರಲಿ. ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅವುಗಳಲ್ಲಿ ಎಷ್ಟೋ ಚಿತ್ರಗಳಿಗೆ ಊರು, ತಿಂಗಳು, ಕೆಲವಕ್ಕೆ ಅಂದು ಬೆಂದ ಎಲೆಕೋಸಿನ ಲೆಕ್ಕವೂ ಇದೆ.

ಅದೇ 1936ರಲ್ಲಿ ಸ್ಟ್ರೈಕರ್ ತಂಡದ ಇನ್ನೊಬ್ಬ ಛಾಯಾಗ್ರಾಹಕ ಆರ್ಥರ್ ರೋತ್‌ಸ್ಟೈನ್ ದಕ್ಷಿಣ ಡಕೋಟದ ಬಿರಿದ ನೆಲದಲ್ಲಿ ಒಂದು ದನದ ತಲೆಬುರುಡೆಯನ್ನು ಕೆಲವು ಅಡಿ ಸರಿಸಿ ಚಿತ್ರ ತೆಗೆದರೆಂದು ವಿರೋಧಿ ಪತ್ರಿಕೆಗಳು ರಾದ್ಧಾಂತ ಮಾಡಿದವು. ಚುನಾವಣೆಯ ವರ್ಷ ಬೇರೆ. ಬುರುಡೆ ಬಿಡಿ, ನಾವು ಕೆರೆಯನ್ನೇ ಜಿಲ್ಲೆಯಿಂದ ಜಿಲ್ಲೆಗೆ ಸರಿಸುತ್ತೇವೆ. ನಾನು ಉಪಸಂಪಾದಕನಾಗಿದ್ದ ಪತ್ರಿಕೆಯಲ್ಲಿ ಬಿರುಕು ಬಿಟ್ಟ ಒಂದು ಕೆರೆಯಂಗಳದ ಚಿತ್ರವಿತ್ತು. ಹಣೆಗೆ ಕೈ ಹಚ್ಚಿ ಆಕಾಶ ನೋಡುವ ಮುದುಕ ಅದರಲ್ಲಿ. ಮೂರು ಬರಗಾಲಕ್ಕೆ ಅದೊಂದೇ ಚಿತ್ರ, ಕೆಳಗೆ 'ಸಾಂದರ್ಭಿಕ ಚಿತ್ರ'. ಕೊನೆಗೆ ಆ ಊರಿನವರೊಬ್ಬರು ಕಾರ್ಡು ಬರೆದರು: "ನಮ್ಮ ಕೆರೆ ಕೋಡಿ ಬಿದ್ದು ಎರಡು ವರ್ಷವಾಯಿತು. ಅಜ್ಜ ತೀರಿಕೊಂಡಿದ್ದಾರೆ." ಆ ಕಾರ್ಡನ್ನು ನಾವು ಪ್ರಕಟಿಸಲಿಲ್ಲ. ಇಂದಿಗೂ ಆ ಎರಡು ಪದ ಅಚ್ಚಿನಲ್ಲಿ ಕಂಡಾಗ ನನಗೆ ಆ ಅಜ್ಜ ನೆನಪಾಗುತ್ತಾರೆ. ಅವರ ಹೆಸರೂ ನಮಗೆ ಗೊತ್ತಿರಲಿಲ್ಲ.

ಆದ್ದರಿಂದ ಅಡಿಬರಹ ಮೂರು ಸಾಲು ಇರುತ್ತದೆ, ನಾಲ್ಕೂ ಆದೀತು. ಅಂದಹಾಗೆ, ಪತ್ರದ ಜೊತೆ ನೀವು ಕಳುಹಿಸಿದ ಹಳೆಯ ಸಂತೆಯ ಚಿತ್ರ ತಲುಪಿದೆ. ಬೆಲ್ಲ ತೂಗುತ್ತಿರುವ ಹೆಂಗಸು ಬಹಳ ಚೆನ್ನಾಗಿ ಬಂದಿದ್ದಾರೆ. ಹಿಂದೆ ತಿರುಗಿಸಿ ನೋಡಿದೆ, ಖಾಲಿ. ಯಾವ ಸಂತೆ, ಯಾವ ವರ್ಷ, ಆಕೆ ಯಾರು? ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ.