ಕ್ಯಾಪಿಟಲ್ ಅಲ್ಲದ್ದೆಲ್ಲ ಸ್ಮಾಲ್ ಅಲ್ಲ

ಪ್ರಶ್ನೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಒಂದು ಕಡತದ ಪದಗಳನ್ನು ಕ್ಯಾಪಿಟಲ್, ಸ್ಮಾಲ್ ಎಂದು ಎರಡು ಪಟ್ಟಿ ಮಾಡಬೇಕು. ಇಸ್‌ಅಪ್ಪರ್ (ಪದ ಕ್ಯಾಪಿಟಲ್ ಆಗಿದೆಯೇ ಎಂದು ನೋಡುವ ಮೆಥಡ್, ಅಂದರೆ ಸಿದ್ಧ ಆದೇಶ) ನಿಜವಾದರೆ ಮೊದಲ ಪಟ್ಟಿ, ಇಲ್ಲದಿದ್ದರೆ ಎರಡನೆಯದು ಎಂದು ಬರೆದೆ. ಪಿನ್‌ಕೋಡ್, ಕನ್ನಡ ಪದಗಳೆಲ್ಲ ಸ್ಮಾಲ್ ಪಟ್ಟಿಗೆ ಬೀಳುತ್ತಿವೆ. ತಪ್ಪೆಲ್ಲಿ?

ಉತ್ತರ: ನಿಮ್ಮ ಎಲ್ಸ್‌ನಲ್ಲಿ, ಅಂದರೆ ‘ಇಲ್ಲದಿದ್ದರೆ’ ಎಂಬ ಭಾಗದಲ್ಲಿ. ಪದದಲ್ಲಿ ಕ್ಯಾಪಿಟಲ್–ಸ್ಮಾಲ್ ಭೇದವಿರುವ ಅಕ್ಷರ ಕನಿಷ್ಠ ಒಂದಾದರೂ ಇರಬೇಕು, ಅಂಥವೆಲ್ಲ ಕ್ಯಾಪಿಟಲ್ ಆಗಿರಬೇಕು. ಆಗ ಮಾತ್ರ ಇಸ್‌ಅಪ್ಪರ್ ‘ಟ್ರೂ’ ಎನ್ನುತ್ತದೆ. ಅಂಕಿ, ಚುಕ್ಕೆ, ಅಡ್ಡಗೆರೆಗಳನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಗಾಡಿ ನಂಬರಿನ ‘ಕೆಎ05’ ಇಂಗ್ಲಿಷಿನಲ್ಲಿದ್ದರೆ ಟ್ರೂ, ಬರೀ ‘05’ ಇದ್ದರೆ ಫಾಲ್ಸ್. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲವಲ್ಲ, ‘ಮೈಸೂರು’ ಎಂಬ ಪದಕ್ಕೆ ಇಸ್‌ಅಪ್ಪರ್ ಕೂಡ ಫಾಲ್ಸ್, ಸ್ಮಾಲ್ ಆಗಿದೆಯೇ ಎಂದು ನೋಡುವ ಇಸ್‌ಲೋವರ್ ಕೂಡ ಫಾಲ್ಸ್. ಐಫೋನಿನ ಸ್ಪೆಲಿಂಗಿಗೂ ಎರಡೂ ಫಾಲ್ಸೇ, ಆದರೆ ಕಾರಣ ಬೇರೆ: ಮೊದಲ ಐ ಸ್ಮಾಲ್, ಪಿ ಕ್ಯಾಪಿಟಲ್.

ಆದ್ದರಿಂದ ನಾಲ್ಕು ಪಟ್ಟಿ ಮಾಡಿ. ಇಫ್‌ನಲ್ಲಿ ಇಸ್‌ಅಪ್ಪರ್, ಎಲಿಫ್‌ನಲ್ಲಿ (ಮೊದಲನೆಯದು ಸುಳ್ಳಾದರೆ ನೋಡುವ ಷರತ್ತು) ಇಸ್‌ಲೋವರ್. ಉಳಿದವುಗಳಲ್ಲಿ ಪದವನ್ನು ಅದರದೇ ಲೋವರ್ (ಎಲ್ಲ ಸ್ಮಾಲ್ ಮಾಡಿದ) ರೂಪದೊಂದಿಗೆ ಹೋಲಿಸಿ: ಬೇರೆಯಾದರೆ ಮಿಶ್ರ, ಒಂದೇ ಆದರೆ ಭೇದವಿಲ್ಲದ್ದು. ಈ ಹೋಲಿಕೆಯನ್ನೇ ಮೊದಲಿಗಿಟ್ಟರೆ ಮತ್ತೆ ಹಳೇ ಗೋಳು. ‘05’ರ ಲೋವರ್ ರೂಪವೂ ‘05’ ತಾನೆ.

ಇಸ್‌ಅಪ್ಪರ್ ಮುಂದಿನ ಆವರಣ ಚಿಹ್ನೆ () ಬಿಟ್ಟುಹೋಗಿಲ್ಲವಷ್ಟೆ? ಬಿಟ್ಟರೆ ಪೈಥಾನ್ ದೋಷ ತೋರಿಸದು. ಮೆಥಡ್ ಓಡುವುದೇ ಇಲ್ಲ, ಇಫ್ ಅದನ್ನು ಸದಾ ನಿಜವೆಂದೇ ಹಿಡಿಯುತ್ತದೆ, ಪದಗಳೆಲ್ಲ ಕ್ಯಾಪಿಟಲ್ ಪಟ್ಟಿಗೆ ಹೋಗುತ್ತವೆ. ಹೊಸಬರು ಗಂಟೆಗಟ್ಟಲೆ ಹುಡುಕುವ ತಪ್ಪು ಇದು.

ಪ್ರಶ್ನೆ: ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್ ಇದೆಯೇ ಎಂದು ನೋಡಲು ಇಸ್‌ಟೈಟಲ್ ಸಾಕೇ?

ಉತ್ತರ: ಸಾಲದು. ಅಪಾಸ್ಟ್ರಫಿ ಬಂದರೆ ಅದರ ಮುಂದೆ ಹೊಸ ಪದ ಶುರುವಾಯಿತೆಂದು ಅದು ತಿಳಿಯುತ್ತದೆ. ‘ಟೀಚರ್ಸ್’ (Teacher's) ಎಂಬುದನ್ನು ಅಪಾಸ್ಟ್ರಫಿ ಹಾಕಿ ಸರಿಯಾಗಿ ಬರೆದಿದ್ದರೂ, ಕೊನೆಯ ಎಸ್ ಸ್ಮಾಲ್ ಇರುವುದರಿಂದ ಫಾಲ್ಸ್ ಬರುತ್ತದೆ. ಬದಲಿಗೆ ಎರಡು ಷರತ್ತು ಇಡಿ: ಪದ[:1] (ಮೊದಲ ಅಕ್ಷರ) ಅಪ್ಪರ್ ಆಗಿರಬೇಕು, ಪದ[1:] (ಉಳಿದ ಭಾಗ) ಎಂಬುದು ಅದರ ಲೋವರ್ ರೂಪಕ್ಕೆ ಸಮವಿರಬೇಕು. (ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ಪದ’ ಎಂದು ಕನ್ನಡದಲ್ಲೇ ಹೆಸರಿಡಬಹುದು.) ಮೊದಲ ಅಕ್ಷರಕ್ಕೆ ಪದ[0] ಬೇಡ. ಸಾಲನ್ನು ಒಂದು ಸ್ಪೇಸ್ ಕೊಟ್ಟು ಸ್ಪ್ಲಿಟ್ ಮಾಡಿದಾಗ (ಪದಗಳಾಗಿ ಒಡೆದಾಗ), ಎಲ್ಲಾದರೂ ಎರಡು ಸ್ಪೇಸ್ ಒಟ್ಟಿಗಿದ್ದರೆ ಖಾಲಿ ಪದ ಸಿಗುತ್ತದೆ. ಅದರ [0] ಕೇಳಿದರೆ ಇಂಡೆಕ್ಸ್ ಎರರ್. [:1] ಬಳಸಿದರೆ ಷರತ್ತು ಸುಮ್ಮನೆ ಫಾಲ್ಸ್ ಆಗಿ ಕೆಲಸ ಮುಂದೆ ಸಾಗುತ್ತದೆ.