ಸೋವಿಯತ್ ಕಾಲದ ಜಾರ್ಜಿಯನ್ ಸ್ಟ್ರೈಕರ್ ಅಂದ್ರೆ ಶೆಂಗೇಲಿಯಾ

ಸರ್, ಈಗಿನ ಜಾರ್ಜಿಯಾ ಫುಟ್‌ಬಾಲ್ ಆಟಗಾರ ಕ್ವಾರತ್ಸ್‌ಖೇಲಿಯಾ ಆಟ ನೋಡಿ ಹುಚ್ಚು ಹಿಡಿದಿದೆ, ಸೋವಿಯತ್ ಕಾಲದಲ್ಲಿ ಜಾರ್ಜಿಯಾದ ಒಳ್ಳೆ ಸ್ಟ್ರೈಕರ್ ಯಾರಿದ್ರು, ಯಾವ ಮ್ಯಾಚಿಂದ ಶುರು ಮಾಡ್ಲಿ ಅಂತ ಕೇಳಿದ್ರಲ್ಲ. ನಿಮ್ಮ ಪ್ರಶ್ನೆಗೆ ಇನ್ನೊಬ್ರು ಬ್ಲೋಖಿನ್ ಹೆಸರು ಹಾಕಿದ್ದಾರೆ, ಅವ್ನು ಉಕ್ರೇನಿನವನು, ಕೀವ್ ಆಟಗಾರ. ಬೋರಿಸ್ ಪೈಚಾದ್ಜೆ ದೊಡ್ಡ ಹೆಸರೇ, ತ್ಬಿಲಿಸಿ ಸ್ಟೇಡಿಯಂಗೇ ಅವನ ಹೆಸರಿಟ್ಟಿದ್ದಾರೆ, ಆದ್ರೆ ಅವನ ಕಾಲದ ವಿಡಿಯೋ ಸಿಗೋದು ಕಷ್ಟ. ಕೂತು ನೋಡ್ಬೇಕು ಅಂದ್ರೆ ರಮಾಜ್ ಶೆಂಗೇಲಿಯಾ.

1957ರಲ್ಲಿ ಕುತೈಸಿಲಿ ಹುಟ್ಟಿದ್ದು. ಅದು ಲಾರಿ ಫ್ಯಾಕ್ಟರಿ ಇದ್ದ ಊರು, ಅಲ್ಲಿನ ಟಾರ್ಪೆಡೋ ಟೀಮಲ್ಲಿ ಆಡಿ 1977ರಲ್ಲಿ ದಿನಾಮೋ ತ್ಬಿಲಿಸಿಗೆ ಬಂದ. ಮುಂದಿನ ವರ್ಷವೇ ಟೀಮು ಸೋವಿಯತ್ ಚಾಂಪಿಯನ್, ಇವ್ನು ವರ್ಷದ ಆಟಗಾರ. 1981ರಲ್ಲಿ ಲೀಗಲ್ಲಿ 23 ಗೋಲ್ ಹೊಡ್ದು ಟಾಪ್ ಸ್ಕೋರರ್, ಮತ್ತೆ ವರ್ಷದ ಆಟಗಾರ. 1977ರಲ್ಲಿ ಇದೇ ಟೀಮಿನ ಮಿಡ್‌ಫೀಲ್ಡರ್ ಕಿಪಿಯಾನಿಗೆ, 1980ರಲ್ಲಿ ಡಿಫೆಂಡರ್ ಚಿವಾದ್ಜೆಗೆ ಅದೇ ಪ್ರಶಸ್ತಿ ಬಂದಿತ್ತು, ಅಂದ್ರೆ ಐದು ವರ್ಷದಲ್ಲಿ ನಾಲ್ಕು ಸಲ ಒಂದೇ ಕ್ಲಬ್ಬಿಗೆ, ಅದೂ ಮಾಸ್ಕೋ, ಕೀವ್ ಕ್ಲಬ್ಬುಗಳು ಎದುರಿಗಿದ್ದಾಗ. ಕೋಚ್ ನೋದಾರ್ ಅಖಲ್ಕಾತ್ಸಿ ಕಟ್ಟಿದ ಟೀಮು ಅಷ್ಟು ಚೆನ್ನಾಗಿತ್ತು.

ನೋಡೋಕೆ ಶುರು ಮಾಡೋದು ವೆಸ್ಟ್ ಹ್ಯಾಮ್ ಮ್ಯಾಚಿಂದ ಮಾಡಿ. 1981 ಮಾರ್ಚ್, ಕಪ್ ವಿನ್ನರ್ಸ್ ಕಪ್ (ಯುರೋಪಿನ ದೇಶಗಳ ಕಪ್ ಗೆದ್ದ ಕ್ಲಬ್ಬುಗಳ ಟೂರ್ನಿ) ಕ್ವಾರ್ಟರ್ ಫೈನಲ್, ಲಂಡನ್ನಲ್ಲಿ ಹೋಗಿ 4-1 ಹೊಡೆದ್ರು, ಅದ್ರಲ್ಲಿ ಎರಡು ಇವನದ್ದು. ಒಂದು ಮಾತು ಹೇಳ್ತೀನಿ, ಬರೀ ಬಾಲ್ ಹಿಂದೆ ಕಣ್ಣು ಓಡಿಸ್ಬೇಡಿ. ಬಾಲ್ ಕಿಪಿಯಾನಿ ಕಾಲಿಗೆ ಬಂದ ತಕ್ಷಣ ಪಾಸ್ ಮಾಡ್ಲಿ ಅಂತ ಕಾಯದೆ ಶೆಂಗೇಲಿಯಾನ ಹುಡುಕಿ, ಅವ್ನು ಎಲ್ಲಿ ನಿಂತಿದ್ದಾನೆ, ಡಿಫೆಂಡರ್ ಬೆನ್ನ ಹಿಂದೆ ಯಾವಾಗ ಜಾರ್ತಾನೆ ನೋಡಿ. ಒಂದೇ ಕ್ಲಿಪ್ಪನ್ನ ಎರಡು ಸಲ ಹಾಕ್ಕೊಳ್ಳಿ, ಎರಡನೇ ಸಲ ಅವನೊಬ್ಬನ್ನೇ ನೋಡಿ, ಆಗ್ಲೇ ಗೊತ್ತಾಗೋದು ಯಾಕೆ ಇಷ್ಟು ಗೋಲ್ ಬಂತು ಅಂತ.

ಆಮೇಲೆ 1979ರ ಲಿವರ್‌ಪೂಲ್ ಮ್ಯಾಚು. ಅವ್ರ ಮೈದಾನ ಆನ್‌ಫೀಲ್ಡ್‌ನಲ್ಲಿ 2-1 ಸೋತು ಬಂದು ತ್ಬಿಲಿಸಿಲಿ 3-0 ಗೆದ್ರು, ಮೂರೂ ಸೆಕೆಂಡ್ ಹಾಫಲ್ಲಿ, ನಡುವಿನದ್ದು ಇವನದ್ದು. 1981ರ ಕಪ್ ವಿನ್ನರ್ಸ್ ಕಪ್ ಫೈನಲ್ಲು ಡ್ಯುಸೆಲ್‌ಡಾರ್ಫ್‌ನಲ್ಲಿ ಪೂರ್ವ ಜರ್ಮನಿಯ ಕ್ಲಬ್ ಕಾರ್ಲ್ ಜೈಸ್ ಯೆನಾ ಮೇಲೆ 2-1, ಗೋಲ್ ಗುತ್ಸಾಯೆವ್ ಮತ್ತೆ ದರಸೇಲಿಯಾದು, ಶೆಂಗೇಲಿಯಾಗೋಸ್ಕರ ಅಂದ್ರೆ ಅದನ್ನ ಕೊನೆಗೆ ಇಟ್ಕೊಳ್ಳಿ.

1982 ವರ್ಲ್ಡ್ ಕಪ್ ಬಗ್ಗೆ ನಂಗೆ ಸ್ವಲ್ಪ ಸಿಟ್ಟಿದೆ. ಮಾಲಗಾದಲ್ಲಿ ಸ್ಕಾಟ್ಲೆಂಡ್ ಮ್ಯಾಚು, 1-1, ಸೋವಿಯತ್ ಟೀಮಿಗೆ ಡ್ರಾ ಸಾಕು, ಸ್ಕಾಟ್ಲೆಂಡಿಗೆ ಗೆಲ್ಲಲೇಬೇಕು. 84ನೇ ನಿಮಿಷದಲ್ಲಿ ಟಚ್‌ಲೈನ್ ಹತ್ರ ಸ್ಕಾಟ್ಲೆಂಡ್ ಡಿಫೆಂಡರ್ಸ್ ಹ್ಯಾನ್ಸೆನ್ನು, ವಿಲ್ಲಿ ಮಿಲ್ಲರ್ರು ಒಬ್ರಿಗೊಬ್ರು ಡಿಕ್ಕಿ ಹೊಡ್ಕೊಂಡ್ರು, ಶೆಂಗೇಲಿಯಾ ಬಾಲ್ ತಗೊಂಡು ಒಬ್ಬನೇ ಓಡಿ ಗೋಲ್‌ಕೀಪರ್ ಅಲನ್ ರಫ್‌ನ ಸೋಲಿಸ್ದ. ಎಲ್ರೂ ಆ ಡಿಕ್ಕಿ ನೆನೆಸ್ಕೊಂಡು ನಗ್ತಾರೆ, ಆದ್ರೆ ಇಬ್ರು ಡಿಫೆಂಡರ್ಸ್ ಹೋಗ್ತಿದ್ದಾರೆ, ಬಾಲ್ ನಂಗೆ ಸಿಗಲ್ಲ ಬಿಡು ಅಂತ ಶೆಂಗೇಲಿಯಾ ನಿಂತುಬಿಟ್ಟಿದ್ರೆ ಆ ಗೋಲ್ ಬರ್ತಿತ್ತಾ? ಬಿಡದೆ ಹತ್ರ ಇದ್ದ, ಅದಕ್ಕೇ ಬಂತು. ಎರಡು ನಿಮಿಷದಲ್ಲಿ ಸ್ಕಾಟ್ಲೆಂಡಿನ ಸೂನೆಸ್ 2-2 ಮಾಡ್ದ, ಆದ್ರೂ ಮುಂದಿನ ರೌಂಡಿಗೆ ಹೋಗಿದ್ದು ಸೋವಿಯತ್ ಟೀಮೇ. ಕಿಪಿಯಾನಿ 1981ರಲ್ಲಿ ಕಾಲು ಮುರ್ಕೊಂಡು ಆ ವರ್ಲ್ಡ್ ಕಪ್ಪಿಗೆ ಹೋಗ್ಲಿಲ್ಲ, ಇಬ್ರೂ ಒಟ್ಟಿಗೆ ಆಡೋದನ್ನ ನೋಡೋಕೆ ಕ್ಲಬ್ ಮ್ಯಾಚುಗಳನ್ನೇ ಮೊದಲು ನೋಡಿ ಅಂದಿದ್ದು ಅದಕ್ಕೇ.

ಇಷ್ಟು ಒಳ್ಳೆ ಆಟಗಾರ ಹೊರದೇಶಕ್ಕೆ ಯಾಕೆ ಹೋಗ್ಲಿಲ್ಲ ಅಂತ ಕೇಳ್ಬಹುದು. ಆಗ ಸೋವಿಯತ್ ಆಟಗಾರರನ್ನ ಬಿಡ್ತಾನೇ ಇರ್ಲಿಲ್ಲ, ಬಾಗಿಲು ತೆಗೆದಿದ್ದು 80ರ ದಶಕದ ಕೊನೇಲಿ. ಅಷ್ಟೊತ್ತಿಗೆ ಇವನಿಗೆ ಮೂವತ್ತು ದಾಟಿತ್ತು, ಸ್ವೀಡನ್ನಿನ ಹೋಲ್ಮ್‌ಸುಂಡ್ ಅನ್ನೋ ಚಿಕ್ಕ ಕ್ಲಬ್ಬಲ್ಲಿ ಆಡಿ ಮುಗಿಸ್ದ. 24ನೇ ವಯಸ್ಸಲ್ಲಿ ವೆಸ್ಟ್ ಹ್ಯಾಮ್ ಮೇಲೆ ಹಾಗೆ ಆಡಿದವನನ್ನ ಇಟಲಿಯವರು ಬಿಡ್ತಿದ್ರಾ ಹೇಳಿ. 2012ರಲ್ಲಿ 55ಕ್ಕೇ ಹೋಗ್ಬಿಟ್ಟ.

ವಿಡಿಯೋ ಹುಡುಕೋವಾಗ ಹೆಸರನ್ನ ರಷ್ಯನ್ ಲಿಪಿಲಿ ಕಾಪಿ ಮಾಡಿ ಹಾಕಿ, ಇಂಗ್ಲಿಷಿಗಿಂತ ಜಾಸ್ತಿ ಸಿಗತ್ತೆ. ವೆಸ್ಟ್ ಹ್ಯಾಮ್ ಮ್ಯಾಚ್ ಮುಗ್ಸಿ ಇಲ್ಲೇ ಬರೀರಿ, ಕಿಪಿಯಾನಿ ಬಗ್ಗೆ ಬೇರೆ ಹೇಳೋದಿದೆ.